ಬ್ಯಾಟರಿ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ: ಕಾರಿನ ಚಾರ್ಜಿಂಗ್ ದೋಷ ಪತ್ತೆ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲವೆಂದರೆ ಬೆಂಗಳೂರಿನಲ್ಲಿ ಮೊದಲು ಸಿಗುವ ಸಲಹೆ ‘ಬ್ಯಾಟರಿ ಹೋಗಿದೆ, ಬದಲಿಸಿ’ ಎಂಬುದು. ಒಂದು ಫೋನ್ ಮಾಡಿದರೆ ಹೊಸ ಬ್ಯಾಟರಿ ಮನೆ ಬಾಗಿಲಿಗೇ ಬರುತ್ತದೆ, ಕಾರು ಸ್ಟಾರ್ಟ್ ಆಗುತ್ತದೆ, ಸಾವಿರಾರು ರೂಪಾಯಿ ಕೊಟ್ಟು ಕಚೇರಿಗೆ ಹೊರಡುತ್ತೇವೆ. ಎಷ್ಟೋ ಸಲ ಕೆಲವೇ ದಿನಗಳಲ್ಲಿ ಅದೇ ಪಾಡು ಮರಳುತ್ತದೆ. ಹಳೆಯ ಬ್ಯಾಟರಿ ಬರಿದಾಗಿತ್ತೇ ಹೊರತು ಹಾಳಾಗಿರಲಿಲ್ಲ. ಅದನ್ನು ತುಂಬಿಸಬೇಕಾದ ಆಲ್ಟರ್ನೇಟರ್, ಬೆಲ್ಟ್ ಅಥವಾ ವೈರಿನಲ್ಲಿ ದೋಷವಿತ್ತು. ಇಲ್ಲವೇ ಕಾರು ನಿಂತಿದ್ದಾಗ ಯಾವುದೋ ಉಪಕರಣ ಕರೆಂಟ್ ಎಳೆಯುತ್ತಿತ್ತು.

ಬರಿದಾದ ಬ್ಯಾಟರಿಯನ್ನೂ ಹಾಳಾದ ಬ್ಯಾಟರಿಯನ್ನೂ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದು, ಅಳೆದೇ ತಿಳಿಯಬೇಕು. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಈ ಬರಹದ ಬಹುಪಾಲು ಪರೀಕ್ಷೆಗಳಿಗೆ ಸಾಕು. ಕಾರು ಇಟ್ಟುಕೊಂಡ ಪ್ರತಿಯೊಬ್ಬರ ಮನೆಯಲ್ಲೂ ಅದೊಂದು ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಳಗೆ ನಡೆಯುವುದೇನು

ಮನೆಯ ಮೇಲಿನ ಟ್ಯಾಂಕಿಗೂ ಸಂಪಿನ ಮೋಟಾರಿಗೂ ಇರುವ ಸಂಬಂಧವೇ ಬ್ಯಾಟರಿಗೂ ಆಲ್ಟರ್ನೇಟರ್‌ಗೂ ಇರುವುದು. ಟ್ಯಾಂಕ್ ಖಾಲಿಯಾಯಿತೆಂದು ಯಾರೂ ಟ್ಯಾಂಕನ್ನೇ ಬದಲಿಸುವುದಿಲ್ಲ. ಮೋಟಾರ್ ಓಡುತ್ತಿದೆಯೇ, ಪೈಪ್ ಸರಿಯಿದೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುತ್ತಾರೆ.

ಬ್ಯಾಟರಿಯ ಮುಖ್ಯ ಕೆಲಸ ಸೆಲ್ಫ್ ಮೋಟಾರನ್ನು ಕೆಲವು ಸೆಕೆಂಡು ತಿರುಗಿಸುವುದು. ಎಂಜಿನ್ ಸ್ಟಾರ್ಟ್ ಆದ ಮೇಲೆ ಹೆಡ್‌ಲೈಟ್, ಬ್ಲೋವರ್, ಇಂಧನ ಪಂಪ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಎಲ್ಲಕ್ಕೂ ಕರೆಂಟ್ ಕೊಡುವುದು ಆಲ್ಟರ್ನೇಟರ್. ಮಿಕ್ಕಿದ್ದು ಬ್ಯಾಟರಿಗೆ ಸೇರುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಇದನ್ನು ಈಗಲೂ ಡೈನಮೋ ಎನ್ನುತ್ತಾರೆ.

ಎಂಜಿನ್ ಬೆಲ್ಟ್ ಎಳೆದಾಗ ಆಲ್ಟರ್ನೇಟರ್‌ನೊಳಗಿನ ರೋಟರ್ ತಿರುಗುತ್ತದೆ. ಎರಡು ಪುಟ್ಟ ಕಾರ್ಬನ್ ಬ್ರಷ್‌ಗಳ ಮೂಲಕ ರೋಟರ್‌ನ ಸುರುಳಿಗೆ ಅಲ್ಪ ಕರೆಂಟ್ ಹರಿದು ಅದು ಅಯಸ್ಕಾಂತವಾಗುತ್ತದೆ. ಸುತ್ತಲಿನ ಸ್ಟೇಟರ್‌ನ ಮೂರು ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ (ಎಸಿ) ಹುಟ್ಟುತ್ತದೆ. ಡಯೋಡ್‌ಗಳು ಅದನ್ನು ನೇರ ವಿದ್ಯುತ್ತಾಗಿ (ಡಿಸಿ) ಬದಲಿಸುತ್ತವೆ. ರೋಟರ್‌ಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತಾ ಹೊರಬರುವ ವೋಲ್ಟೇಜನ್ನು ಸಾಮಾನ್ಯವಾಗಿ 13.8ರಿಂದ 14.7ರೊಳಗೆ ಹಿಡಿದಿಡುವುದು ರೆಗ್ಯುಲೇಟರ್. ಬ್ರಷ್ ಸವೆತ, ಡಯೋಡ್ ಸುಡುವಿಕೆ, ರೆಗ್ಯುಲೇಟರ್ ಕೆಡುವಿಕೆ, ಬೇರಿಂಗ್ ಸದ್ದು: ಆಲ್ಟರ್ನೇಟರ್‌ನೊಳಗಿನ ಹೆಚ್ಚಿನ ದೋಷಗಳು ಈ ನಾಲ್ಕರಲ್ಲಿ ಒಂದು.

ನಮ್ಮ ನಗರದ ಮಟ್ಟಿಗೆ ಇನ್ನೊಂದು ಸಂಗತಿ ಬಹಳ ಮುಖ್ಯ. ಆಲ್ಟರ್ನೇಟರ್ ಮೇಲೆ 80 ಆ್ಯಂಪಿಯರ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಆಲ್ಟರ್ನೇಟರ್ ನಿಮಿಷಕ್ಕೆ 6000 ಸುತ್ತು ತಿರುಗುವಾಗಿನ ಲೆಕ್ಕ. ಪುಲಿಗಳ ಗಾತ್ರದ ವ್ಯತ್ಯಾಸದಿಂದ ಅದು ಎಂಜಿನ್‌ಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಂಜಿನ್ 800 ಸುತ್ತಿನಲ್ಲಿ ನಿಂತಿದ್ದರೆ ಆಲ್ಟರ್ನೇಟರ್ ಸುಮಾರು 2000 ಸುತ್ತಿನಲ್ಲಿರುತ್ತದೆ, ಮತ್ತು ಬರೆದಿರುವುದರ ಅರ್ಧದಷ್ಟನ್ನೋ ಅದಕ್ಕೂ ಕಡಿಮೆಯನ್ನೋ ಕೊಡುತ್ತದೆ. ಅದೇ ಹೊತ್ತಿಗೆ ಮಳೆ ಸುರಿದು ವೈಪರ್, ಹೆಡ್‌ಲೈಟ್, ಬ್ಲೋವರ್, ರೇಡಿಯೇಟರ್ ಫ್ಯಾನ್ ಒಟ್ಟಿಗೆ ಓಡುತ್ತಿದ್ದರೆ ಬ್ಯಾಟರಿಗೆ ಉಳಿಯುವುದು ಅತ್ಯಲ್ಪ. ಆಲ್ಟರ್ನೇಟರ್ ಪೂರ್ತಿ ಆರೋಗ್ಯವಾಗಿದ್ದರೂ ದಿನವೂ ನಾಲ್ಕೈದು ಕಿಲೋಮೀಟರ್ ತೆವಳುವ ಕಾರಿನ ಬ್ಯಾಟರಿ ಅರೆಹೊಟ್ಟೆಯಲ್ಲೇ ಬದುಕುತ್ತದೆ. ಬಹುಕಾಲ ಅರೆ ಚಾರ್ಜ್‌ನಲ್ಲಿ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ನಿಜಕ್ಕೂ ಸಾಯುತ್ತದೆ.

ಕೈ ಹಾಕುವ ಮುನ್ನ

ಸೀಸದ ಬ್ಯಾಟರಿಯೊಳಗೆ ಸಲ್ಫ್ಯೂರಿಕ್ ಆಮ್ಲವಿದೆ. ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಹತ್ತಿರ ಬೀಡಿ, ಸಿಗರೇಟು, ಕಿಡಿ ಯಾವುದೂ ಬೇಡ. ಉಂಗುರ, ಬಳೆ, ಲೋಹದ ಗಡಿಯಾರ ತೆಗೆದಿಡಿ. ಸ್ಪ್ಯಾನರ್ ಪ್ಲಸ್ ಟರ್ಮಿನಲ್‌ನಿಂದ ಕಾರಿನ ಲೋಹದ ಮೈಗೆ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಎಂಜಿನ್ ಓಡುವಾಗ ಸೀರೆಯ ಸೆರಗು, ದುಪಟ್ಟಾ, ಉದ್ದ ಕೂದಲು, ಮೀಟರಿನ ವೈರು ಬೆಲ್ಟಿನಿಂದ ದೂರವಿರಲಿ.

ಒಂದನ್ನು ಒತ್ತಿ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು ‘ಡೈನಮೋ ಸರಿಯಿದೆಯೋ ನೋಡೋಣ’ ಎನ್ನುವ ಹಳೆಯ ಪದ್ಧತಿಯನ್ನು ಯಾರಿಗೂ ಮಾಡಗೊಡಬೇಡಿ. ಬ್ಯಾಟರಿ ತಪ್ಪಿದ ಕ್ಷಣದಲ್ಲಿ ವೋಲ್ಟೇಜ್ ಹಲವು ಪಟ್ಟು ಜಿಗಿದು ಇಸಿಯು, ರೆಗ್ಯುಲೇಟರ್, ಮ್ಯೂಸಿಕ್ ಸಿಸ್ಟಮ್ ಸುಡಬಹುದು. ಕಾರ್ಬ್ಯುರೇಟರ್ ಕಾಲದಲ್ಲಿ ದಕ್ಕುತ್ತಿತ್ತು, ಈಗಿನ ಕಾರುಗಳಲ್ಲಿ ದಕ್ಕದು.

ಎಲ್ಲ ಲಕ್ಷಣಗಳಿಗೂ ಮೂರು ಅಳತೆ

ಮೊದಲನೆಯದು ವಿಶ್ರಾಂತಿಯ ಅಳತೆ. ಕಾರು ರಾತ್ರಿಯಿಡೀ ನಿಂತ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿಯಿರಿ. ವೈರಿನ ಕ್ಲಾಂಪಿಗಲ್ಲ, ಕಂಬದ ಸೀಸಕ್ಕೇ ಹಿಡಿಯಬೇಕು. 12.6ರ ಆಸುಪಾಸು ಬಂದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕೆ ಇಳಿದಿದ್ದರೆ ಕಾಲು ಭಾಗವಷ್ಟೇ ಉಳಿದಿದೆ.

ಎರಡನೆಯದು ಸೆಲ್ಫ್ ಹೊಡೆಯುವಾಗಿನದು. ಮನೆಯವರೊಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿಯಬಾರದು. ವಿಶ್ರಾಂತಿಯಲ್ಲಿ 12.6 ತೋರಿಸಿ ಸೆಲ್ಫ್ ಹೊಡೆದೊಡನೆ 7–8ಕ್ಕೆ ಕುಸಿದರೆ ಆಗ ಮಾತ್ರ ಬ್ಯಾಟರಿಯ ಮೇಲೆ ಬಲವಾದ ಅನುಮಾನ ಪಡಬಹುದು.

ಮೂರನೆಯದು ಎಂಜಿನ್ ಓಡುವಾಗಿನದು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಒಮ್ಮೆ ಅಳೆಯಿರಿ. ಬಳಿಕ ಹೆಡ್‌ಲೈಟ್, ಬ್ಲೋವರ್, ಹಿಂಬದಿ ಗಾಜಿನ ಹೀಟರ್ ಹಾಕಿ, ಆಕ್ಸಿಲರೇಟರನ್ನು 2000 ಸುತ್ತಿಗೆ ಒತ್ತಿ ಇನ್ನೊಮ್ಮೆ. ಹೊರೆ ಹಾಕಿದ ಮೇಲೂ 13.5ಕ್ಕಿಂತ ಹೆಚ್ಚಿದ್ದರೆ ಚಾರ್ಜಿಂಗ್ ನಡೆಯುತ್ತಿದೆ. 12.5ರಲ್ಲಿ ನಿಂತು ಮೆಲ್ಲನೆ ಇಳಿಯುತ್ತಿದ್ದರೆ ಆಲ್ಟರ್ನೇಟರ್‌ನಿಂದ ಏನೂ ಬರುತ್ತಿಲ್ಲ. ಆದರೆ ಹೊಸ ಕಾರುಗಳಲ್ಲಿ ಇಸಿಯು ಇಂಧನ ಉಳಿಸಲೆಂದು ಬ್ಯಾಟರಿ ತುಂಬಿದಾಗ ಬೇಕೆಂದೇ ವೋಲ್ಟೇಜನ್ನು 12.8ರ ಹತ್ತಿರಕ್ಕೆ ಇಳಿಸುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಏರಿಸುತ್ತದೆ. ಆದ್ದರಿಂದ ಹೆಡ್‌ಲೈಟ್ ಹಾಕದೆ ತೆಗೆದ ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ.

ಲಕ್ಷಣ: ಬೆಳಿಗ್ಗೆ ‘ಟಕ್ ಟಕ್’ ಸದ್ದು, ಸೆಲ್ಫ್ ತಿರುಗದು

ಅತಿ ಅಗ್ಗದ ಕಾರಣದಿಂದ ಆರಂಭಿಸಿ. ಟರ್ಮಿನಲ್ ಕ್ಲಾಂಪನ್ನು ಕೈಯಿಂದ ತಿರುವಿ ನೋಡಿ. ಅಲುಗಾಡಿದರೆ 10 ನಂಬರ್ ಸ್ಪ್ಯಾನರ್‌ನಿಂದ ಬಿಗಿ ಮಾಡುವುದೇ ರಿಪೇರಿ. ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಕ್ಲಾಂಪ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿ. ಜೋಡಿಸಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು.

ಬ್ಯಾಟರಿಯ ಮೈನಸ್‌ನಿಂದ ಬಾಡಿಗೂ ಎಂಜಿನ್‌ಗೂ ಹೋಗುವ ಅರ್ಥ್ ವೈರನ್ನೂ ಹೀಗೆಯೇ ನೋಡಿ. ಅದು ತುಕ್ಕು ಹಿಡಿದರೆ ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ತಿರುಗದು. ಕಂಬದ ಮೇಲೆ 12.6, ಸೆಲ್ಫ್ ಹೊಡೆಯುವಾಗಲೂ 12ರ ಹತ್ತಿರ, ಆದರೂ ಎಂಜಿನ್ ತಿರುಗಲಿಲ್ಲವೆಂದರೆ ಬ್ಯಾಟರಿಯಿಂದ ಕರೆಂಟ್ ಹೊರಡುತ್ತಲೇ ಇಲ್ಲ. ಅದು ವೈರ್, ರಿಲೇ ಅಥವಾ ಸೆಲ್ಫ್ ಮೋಟಾರಿನ ದೋಷ.

ವೋಲ್ಟೇಜ್ ಕಡಿಮೆಯಿದ್ದರೆ ಪಕ್ಕದ ಕಾರಿನಿಂದ ಜಂಪರ್ ಕೇಬಲ್ ಹಾಕಬಹುದು. ಕೆಂಪು ಕೇಬಲ್ ಮೊದಲು ಬರಿದಾದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅದು ಜಲಜನಕದ ಹತ್ತಿರ ಹಾರಬಾರದು. ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಪ್ಲಸ್ ಮೈನಸ್ ಅದಲುಬದಲಾದರೆ ಎರಡೂ ಕಾರಿನ ಫ್ಯೂಸ್, ಡಯೋಡ್ ಸುಡಬಹುದು. ಉಬ್ಬಿದ, ಬಿರುಕು ಬಿಟ್ಟ, ಸೋರುವ ಬ್ಯಾಟರಿಗೆ ಜಂಪ್ ಕೊಡಲೇಬಾರದು. ಆಟೊಮ್ಯಾಟಿಕ್ ಗೇರಿನ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನವೂ ಬೇಡ.

ಸ್ಟಾರ್ಟ್ ಆದ ಮೇಲೆ ‘ಒಂದು ಸುತ್ತು ಓಡಿಸಿದರೆ ತುಂಬುತ್ತದೆ’ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಪೂರ್ತಿ ಬರಿದಾದ ಬ್ಯಾಟರಿಗೆ ನಿಧಾನ ಚಾರ್ಜ್ ಬೇಕು: ಧಾರಣಶಕ್ತಿ 35 ಆ್ಯಂಪಿಯರ್–ಅವರ್ ಇರುವ ಬ್ಯಾಟರಿಗೆ ಸುಮಾರು 3.5 ಆ್ಯಂಪಿಯರ್, ಹತ್ತು ಹನ್ನೆರಡು ಗಂಟೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪ್ಲಗ್ ಇಲ್ಲದವರು ಬ್ಯಾಟರಿಯನ್ನು ನೆಟ್ಟಗೆ ಹಿಡಿದು ತಂದು ಗಾಳಿಯಾಡುವ ಬಾಲ್ಕನಿಯಲ್ಲಿ ಚಾರ್ಜ್ ಮಾಡಬಹುದು. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ಮನೆ ಬಿಟ್ಟ ಮೇಲೂ 12.4 ದಾಟದಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಲಕ್ಷಣ: ಓಡುತ್ತಿರುವಾಗ ಕೆಂಪು ಬ್ಯಾಟರಿ ದೀಪ

ಎಲ್ಲಕ್ಕಿಂತ ತುರ್ತಿನ ಲಕ್ಷಣ ಇದು. ಕೀ ಹಾಕಿದಾಗ ಈ ದೀಪ ಹೊತ್ತಿ, ಎಂಜಿನ್ ಸ್ಟಾರ್ಟ್ ಆದೊಡನೆ ಆರಬೇಕು. ಓಡುವಾಗ ಹೊತ್ತಿದರೆ ಚಾರ್ಜಿಂಗ್ ನಿಂತಿದೆ ಎಂದರ್ಥ.

ಮೊದಲು ತಾಪಮಾನದ ಸೂಚಕ ನೋಡಿ. ಅನೇಕ ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಕೆಂಪು ದೀಪದ ಜೊತೆಗೆ ಎಂಜಿನ್ ಬಿಸಿಯಾಗತೊಡಗುತ್ತದೆ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಚಕ್ರ ಗಡುಸಾಗುತ್ತದೆ. ಹೀಗಾದರೆ ಸುರಕ್ಷಿತ ಜಾಗ ಕಂಡ ತಕ್ಷಣ ನಿಲ್ಲಿಸಿ. ಇನ್ನೆರಡು ಕಿಲೋಮೀಟರ್ ಎಂದು ಓಡಿಸಿದರೆ ಬೆಲ್ಟಿನ ಖರ್ಚು ಸಿಲಿಂಡರ್ ಹೆಡ್‌ನ ಖರ್ಚಾಗುತ್ತದೆ.

ತಾಪಮಾನ ಸರಿಯಿದ್ದು ದೀಪ ಮಾತ್ರ ಹೊತ್ತಿದ್ದರೆ ಕಾರು ಬ್ಯಾಟರಿಯ ಉಳಿತಾಯದ ಮೇಲೆ ಓಡುತ್ತಿದೆ. ಎರಡು ಹ್ಯಾಲೊಜೆನ್ ಹೆಡ್‌ಲೈಟ್‌ಗಳೇ ಸುಮಾರು 9 ಆ್ಯಂಪಿಯರ್ ನುಂಗುತ್ತವೆ, ಬ್ಲೋವರ್ ಹೆಚ್ಚಿನ ವೇಗದಲ್ಲಿ ಅದಕ್ಕಿಂತಲೂ ಹೆಚ್ಚು. ಎಸಿ, ಮ್ಯೂಸಿಕ್, ಮೊಬೈಲ್ ಚಾರ್ಜರ್ ಆರಿಸಿ. ಹಗಲಾದರೆ ಹೆಡ್‌ಲೈಟನ್ನೂ ಆರಿಸಬಹುದು. ರಾತ್ರಿ ಅದನ್ನು ಆರಿಸಿ ಓಡಿಸುವುದು ಸಲ್ಲದು. ಎಂಜಿನ್ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು, ಆದ್ದರಿಂದ ತಲುಪುವವರೆಗೆ ಆರಿಸಬೇಡಿ. ಹೀಗೆ ಅರ್ಧ ಗಂಟೆಯ ಸುಮಾರು ಸಿಕ್ಕೀತು, ಬ್ಯಾಟರಿ ಹಳೆಯದಾದರೆ ಅದೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ, ಹೆಬ್ಬಾಳ ದಾಟಿದ ಮೇಲಿನ ವಿಮಾನ ನಿಲ್ದಾಣ ರಸ್ತೆ, ನೈಸ್ ರಸ್ತೆಯಂಥ ವೇಗದ ದಾರಿಗಳನ್ನು ಈ ಸ್ಥಿತಿಯಲ್ಲಿ ಹತ್ತಲೇಬೇಡಿ. ಈಗಾಗಲೇ ಅಲ್ಲಿ ಸಿಕ್ಕಿಕೊಂಡಿದ್ದರೆ ಎಡಬದಿಗೆ ತಂದು, ಹಜಾರ್ಡ್ ದೀಪ ಹಾಕಿ, ತ್ರಿಕೋನ ಫಲಕವನ್ನು ಹಿಂದೆ ಇಟ್ಟು, ಎಲ್ಲರೂ ಕಾರಿನಿಂದ ಇಳಿದು ತಡೆಗೋಡೆಯ ಬದಿಗೆ ಸರಿಯಿರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ನಿಂತ ಮೇಲೆ ಪರೀಕ್ಷೆ ಸುಲಭದಿಂದ ಕಷ್ಟಕ್ಕೆ ಸಾಗಲಿ. ಬೆಲ್ಟ್ ಇದೆಯೇ, ಸಡಿಲವಾಗಿದೆಯೇ? ಆಲ್ಟರ್ನೇಟರ್‌ನ ಹಿಂದಿನ ಪ್ಲಗ್ ಕಳಚಿದೆಯೇ? ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ತೆಳು ವೈರು ಅಪರೂಪವೇನಲ್ಲ, ಆ ಪ್ಲಗ್‌ವರೆಗೆ ಟಾರ್ಚ್ ಹಿಡಿದು ನೋಡಿ. ಬಳಿಕ ಚಾರ್ಜಿಂಗ್‌ನ ಮುಖ್ಯ ಫ್ಯೂಸ್. ಅದು ಸುಟ್ಟರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದ್ದರೂ ಬ್ಯಾಟರಿಗೆ ಕರೆಂಟ್ ತಲುಪದು. ಇವೆಲ್ಲ ಸರಿಯಿದ್ದರೆ ಎಂಜಿನ್ ಆರಿಸಿ, ಕೀ ಮಾತ್ರ ಆನ್ ಮಾಡಿ, ಸ್ಕ್ರೂಡ್ರೈವರ್ ತುದಿಯನ್ನು ಆಲ್ಟರ್ನೇಟರ್‌ನ ಪುಲಿಯ ನಡುವಿನ ನಟ್ಟಿಗೆ ತಾಗಿಸಿ. ಹಳೆಯ ಮಾದರಿಯ ಕಾರುಗಳಲ್ಲಿ ಅಯಸ್ಕಾಂತದ ಸೆಳೆತ ಕೈಗೆ ತಿಳಿಯಬೇಕು. ಸೆಳೆತವೇ ಇಲ್ಲದಿದ್ದರೆ ಬ್ರಷ್ ಸವೆದಿದೆ ಅಥವಾ ರೆಗ್ಯುಲೇಟರ್‌ಗೆ ಕರೆಂಟ್ ಬರುತ್ತಿಲ್ಲ. ಇಸಿಯು ನಿಯಂತ್ರಿಸುವ ಹೊಸ ಕಾರುಗಳಲ್ಲಿ ಎಂಜಿನ್ ಓಡುವವರೆಗೂ ಸೆಳೆತ ಬಾರದಿರಬಹುದು, ಅಲ್ಲಿ ಈ ಪರೀಕ್ಷೆಯನ್ನು ನೆಚ್ಚಬೇಡಿ.

ಕೀ ಹಾಕಿದಾಗಲೂ ದೀಪ ಹೊತ್ತದಿದ್ದರೆ ಅದನ್ನು ಶುಭಸೂಚನೆ ಎಂದುಕೊಳ್ಳಬಾರದು. ಅನೇಕ ಹಳೆಯ ಕಾರುಗಳಲ್ಲಿ ರೋಟರ್‌ಗೆ ಮೊದಲ ಕರೆಂಟ್ ಈ ದೀಪದ ದಾರಿಯಲ್ಲೇ ಹೋಗುತ್ತದೆ. ಬಲ್ಬ್ ಸುಟ್ಟರೆ ಚಾರ್ಜಿಂಗ್ ಕೂಡ ಆರಂಭವಾಗದೆ ಉಳಿಯಬಹುದು.

ಲಕ್ಷಣ: ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕು

ಆಕ್ಸಿಲರೇಟರ್ ಒತ್ತಿದಾಗ ಬೆಳಕು ಹೆಚ್ಚಿ, ಬಿಟ್ಟಾಗ ತುಸುವೇ ಮಂಕಾದರೆ ಅದು ಮೇಲೆ ಹೇಳಿದ ಐಡ್ಲಿಂಗ್ ಕೊರತೆ. ಕಣ್ಣಿಗೆ ರಾಚುವಷ್ಟು ವ್ಯತ್ಯಾಸವಿದ್ದರೆ ಬೆಲ್ಟ್ ಜಾರುತ್ತಿರಬಹುದು, ಅರ್ಥ್ ಸಡಿಲವಾಗಿರಬಹುದು, ಅಥವಾ ಒಂದು ಡಯೋಡ್ ಸತ್ತಿರಬಹುದು.

ವೈರಿನ ದೋಷ ಹಿಡಿಯಲು ಹೊರೆ ಹಾಕಿ, ಎಂಜಿನ್ 2000 ಸುತ್ತಿನಲ್ಲಿರುವಾಗ, ಮೀಟರಿನ ಒಂದು ಮೊನೆಯನ್ನು ಆಲ್ಟರ್ನೇಟರ್‌ನ ದಪ್ಪ ವೈರಿನ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೂ ಹಿಡಿಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ನಡುವಿನ ವೈರ್, ಫ್ಯೂಸ್ ಅಥವಾ ಜೋಡಣೆಯಲ್ಲಿ ತಡೆಯಿದೆ. ಆಲ್ಟರ್ನೇಟರ್‌ನ ಮೈಯಿಂದ ಬ್ಯಾಟರಿಯ ಮೈನಸ್‌ಗೆ 0.2 ದಾಟಿದರೆ ಅರ್ಥ್ ಕೆಟ್ಟಿದೆ. ಆ ದಪ್ಪ ಬೋಲ್ಟಿನಲ್ಲಿ ಎಂಜಿನ್ ಆರಿದಾಗಲೂ ಕರೆಂಟ್ ಇರುತ್ತದೆ. ಮೊನೆ ಜಾರಿ ಕಾರಿನ ಲೋಹದ ಮೈಗೆ ತಾಗದಂತೆ ಎಚ್ಚರ.

ಡಯೋಡ್‌ಗೆ ಇನ್ನೂ ಸರಳ ಪರೀಕ್ಷೆಯಿದೆ. ಎಂಜಿನ್ ಓಡುವಾಗ ಮೀಟರನ್ನು ಪರ್ಯಾಯ ವಿದ್ಯುತ್ತಿನ ಅಳತೆಗೆ ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ. 0.5 ವೋಲ್ಟ್ ಮೀರಿದರೆ ಡಯೋಡ್ ಮೇಲೆ ಅನುಮಾನ ಪಡಿ. ಎಂಜಿನ್ ವೇಗದ ಜೊತೆ ಏರಿಳಿಯುವ ‘ಕುಂಯ್’ ಸದ್ದು ಸ್ಪೀಕರಿನಲ್ಲಿ ಕೇಳಿದರೂ ಅದೇ ಗುಮಾನಿ. ಅಗ್ಗದ ಕೆಲವು ಮೀಟರುಗಳು ಈ ಅಳತೆಯಲ್ಲಿ ನೇರ ವಿದ್ಯುತ್ತನ್ನೂ ಸೇರಿಸಿ ದೊಡ್ಡ ಅಂಕಿ ತೋರಿಸುತ್ತವೆ. ಎಂಜಿನ್ ಆರಿಸಿದ ಮೇಲೂ ಅಂಕಿ ಹಾಗೇ ಉಳಿದರೆ ತಪ್ಪು ಮೀಟರಿನದು.

ಲಕ್ಷಣ: ಬ್ಯಾಟರಿ ಹೊಸದು, ಆದರೂ ಎರಡು ಮೂರು ದಿನಕ್ಕೆ ಡೌನ್

ಓಡುವಾಗ 14 ವೋಲ್ಟ್ ಬರುತ್ತಿದ್ದು ನಿಂತಾಗ ಬರಿದಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಮನೆಯಿಂದಲೇ ಕೆಲಸ ಮಾಡುವವರ ಕಾರು ವಾರಗಟ್ಟಲೆ ಬೇಸ್‌ಮೆಂಟಿನಲ್ಲಿ ನಿಲ್ಲುವ ಈ ದಿನಗಳಲ್ಲಿ ಇದು ಸಾಮಾನ್ಯ ದೂರಾಗಿದೆ. ಗಡಿಯಾರ, ಸೆಂಟ್ರಲ್ ಲಾಕಿಂಗ್, ಇಸಿಯು ನೆನಪಿಗಾಗಿ 50 ಮಿಲಿ ಆ್ಯಂಪಿಯರ್‌ವರೆಗಿನ ಬಳಕೆ ಸಹಜ. ಅಷ್ಟಾದರೂ ದಿನಕ್ಕೆ 1.2 ಆ್ಯಂಪಿಯರ್–ಅವರ್ ಆಗುತ್ತದೆ. ಎರಡು ವಾರದಲ್ಲಿ 35ರ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ. ಆರದೆ ಉಳಿದ 5 ವಾಟ್‌ನ ಡಿಕ್ಕಿ ದೀಪವೊಂದೇ ದಿನಕ್ಕೆ 10 ಆ್ಯಂಪಿಯರ್–ಅವರ್ ನುಂಗುತ್ತದೆ. ಮೂರು ದಿನ ಸಾಕು.

ಮೊದಲು ಹೊರಗಿನಿಂದ ಹಾಕಿಸಿದ್ದನ್ನೆಲ್ಲ ಅನುಮಾನಿಸಿ: ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಆಂಪ್ಲಿಫೈಯರ್, ದೊಡ್ಡ ಪರದೆಯ ಸ್ಟೀರಿಯೋ. ಒಂದೊಂದನ್ನೇ ಕಳಚಿ ಒಂದು ರಾತ್ರಿ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಲ್ಟರ್ನೇಟರ್ ಮುಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆ. ಸುತ್ತಲಿನ ಲೋಹವೆಲ್ಲ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ಸೋರುವ ಡಯೋಡ್ ಮೂಲಕ ರಾತ್ರಿಯಿಡೀ ಕರೆಂಟ್ ಹರಿದಿದೆ.

ಅಷ್ಟರಲ್ಲಿ ಸಿಗದಿದ್ದರೆ ಮೀಟರನ್ನು 10 ಆ್ಯಂಪಿಯರ್ ತೂತಿಗೆ ಬದಲಿಸಿ, ಕಳಚಿದ ಮೈನಸ್ ವೈರಿಗೂ ಕಂಬಕ್ಕೂ ನಡುವೆ ಸೇರಿಸಿ. ಬಾಗಿಲು ಮುಚ್ಚಿ, ಲಾಕ್ ಮಾಡಿ, ಕೀಯನ್ನು ದೂರವಿಟ್ಟು ಅರ್ಧ ಗಂಟೆ ಕಾಯಿರಿ. ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಅಷ್ಟು ಹೊತ್ತು ಬೇಕು. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಸುಡುತ್ತದೆ. ಅಂಕಿ 50 ಮಿಲಿ ಆ್ಯಂಪಿಯರ್‌ಗಿಂತ ಬಹಳ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಕುಸಿಯಿತೋ ಅಪರಾಧಿ ಆ ಸರ್ಕ್ಯೂಟಿನಲ್ಲಿದೆ. ಏರ್‌ಬ್ಯಾಗ್‌ನ ಹಳದಿ ಪ್ಲಗ್‌ಗಳಿಗೆ ಮಾತ್ರ ಕೈ ಹಾಕಬೇಡಿ.

ಲಕ್ಷಣ: ಕಿರುಚುವ ಬೆಲ್ಟ್, ಗೊರಗುಡುವ ಸದ್ದು

ತಣ್ಣಗಿನ ಅಥವಾ ಮಳೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ‘ಕೀಂಚ್’ ಎಂದು ಕಿರುಚಿ ನಿಂತರೆ ಬೆಲ್ಟ್ ಸಡಿಲ ಅಥವಾ ಹಳೆಯದು. ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿ, ಬೆಲ್ಟಿನ ಒಳಮೈ ನೋಡಿ. ಅಡ್ಡ ಬಿರುಕು, ಗಾಜಿನಂಥ ಹೊಳಪು, ಎಣ್ಣೆಯ ಕಲೆ ಕಂಡರೆ ಬದಲಿಸಿ. ಜಾರದಿರಲು ಸೋಪು, ಪೌಡರ್ ಹಚ್ಚುವುದು ಪರಿಹಾರವಲ್ಲ. ಸತತವಾದ ಗೊರಗುಟ್ಟುವಿಕೆ ಬೇರಿಂಗಿನದು. ಅದನ್ನು ಮುಂದೂಡಿದರೆ ಬೇರಿಂಗ್ ಸಿಕ್ಕಿಕೊಂಡು ಬೆಲ್ಟನ್ನೂ ಹರಿಯುತ್ತದೆ. ಡೀಸೆಲ್ ಕಾರಿನಲ್ಲಿ ಎಂಜಿನ್ ಆರಿಸುವಾಗ ಗಡಗಡ ಸದ್ದು ಬಂದು ಬೆಲ್ಟ್ ನಡುಗಿದರೆ ಆಲ್ಟರ್ನೇಟರ್‌ನ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲಿಯನ್ನು ಪರೀಕ್ಷಿಸಲು ಹೇಳಿ.

ಲಕ್ಷಣ: ಕೊಳೆತ ಮೊಟ್ಟೆಯ ವಾಸನೆ, ಬಲ್ಬ್‌ಗಳು ಪದೇ ಪದೇ ಸುಡುವುದು

ಇದು ಅತಿ ಚಾರ್ಜ್. ಓಡುವಾಗ ಅಳತೆ 15 ದಾಟಿ ಅಲ್ಲೇ ನಿಂತರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಒಣಗುವುದು, ಬ್ಯಾಟರಿಯ ಬದಿ ಉಬ್ಬುವುದು ಇದರದೇ ಗುರುತು. ಇಲ್ಲಿ ಸ್ವಂತ ಪ್ರಯೋಗ ಬೇಡ. ಎಂಜಿನ್ ಆರಿಸಿ, ಬಾನೆಟ್ ತೆರೆದು ಗಾಳಿಯಾಡಲು ಬಿಟ್ಟು ದೂರ ನಿಂತು ಆಟೋ ಎಲೆಕ್ಟ್ರಿಷಿಯನ್‌ಗೆ ಕರೆ ಮಾಡಿ. ಆಮ್ಲ ಮೈಗೆ ಸಿಡಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗಾದರೆ ಕನಿಷ್ಠ 15 ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ.

ಅಂಡರ್‌ಪಾಸಿನ ನೀರು ಹೊಕ್ಕ ಮೇಲೆ

ಹಲವು ಕಾರುಗಳಲ್ಲಿ ಆಲ್ಟರ್ನೇಟರ್ ಎಂಜಿನ್‌ನ ಕೆಳಬದಿಯಲ್ಲಿದೆ. ಕೆಸರು ನೀರು ಹೊಕ್ಕರೆ ಬ್ರಷ್, ಬೇರಿಂಗ್ ಎರಡೂ ಹಾಳಾಗುತ್ತವೆ. ಒಣಗಿದ ಮೇಲೆ ದೀಪ ಆರಿದರೂ ವಾರದೊಳಗೆ ಮತ್ತೆ ಅಳೆದು ನೋಡಿ. ಎಂಜಿನ್ ನೀರಿನಲ್ಲೇ ನಿಂತುಹೋಗಿದ್ದರೆ ಸೆಲ್ಫ್ ಹೊಡೆಯದೆ ಟೋಯಿಂಗ್ ಮಾಡಿಸಿ.

ವರ್ಕ್‌ಶಾಪಿನಲ್ಲಿ

ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆರಿ ಮತ್ತೆ ಸ್ಟಾರ್ಟ್ ಆಗುವ (ಸ್ಟಾರ್ಟ್–ಸ್ಟಾಪ್) ಕಾರಿಗೆ ಮೊದಲಿದ್ದ ಬಗೆಯ, ಅಂದರೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯನ್ನೇ ಹಾಕಿಸಿ. ಕೆಲವು ಕಾರುಗಳಿಗೆ ಹೊಸ ಬ್ಯಾಟರಿಯನ್ನು ಸ್ಕ್ಯಾನರ್ ಮೂಲಕ ನೋಂದಾಯಿಸಬೇಕು. ಕಿತ್ತಳೆ ಬಣ್ಣದ ದಪ್ಪ ವೈರಿರುವ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಪ್ರಾಣಾಂತಿಕ ವೋಲ್ಟೇಜ್ ಇರುತ್ತದೆ, ಅವುಗಳ ಚಾರ್ಜಿಂಗ್ ವ್ಯವಸ್ಥೆಗೆ ತರಬೇತಿ ಪಡೆದವರೇ ಕೈ ಹಾಕಬೇಕು.

ಆಲ್ಟರ್ನೇಟರ್ ಪೂರ್ತಿ ಬದಲಿಸಿ ಎಂದರೆ ಒಳಗೆ ಏನು ಕೆಟ್ಟಿದೆ ಎಂದು ಕೇಳಿ. ಬ್ರಷ್, ಬೇರಿಂಗ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಅನೇಕ ಮಾದರಿಗಳಿಗೆ ಬಿಡಿಯಾಗಿ ಸಿಗುತ್ತವೆ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ಸುರುಳಿ ಸುಟ್ಟಿದ್ದರೆ ಇಡೀ ಘಟಕ ಬದಲಿಸುವುದೇ ಮೇಲು. ನಿಮ್ಮ ಮೂರು ಅಳತೆಗಳನ್ನು ಚೀಟಿಯಲ್ಲಿ ಬರೆದು ಒಯ್ಯಿರಿ, ತೆಗೆದ ಹಳೆಯ ಭಾಗವನ್ನು ತೋರಿಸಲು ಹೇಳಿ, ಹಣ ಕೊಡುವ ಮೊದಲು ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿಸಿ ಓಡುವಾಗಿನ ವೋಲ್ಟೇಜನ್ನು ಅಲ್ಲೇ ಇನ್ನೊಮ್ಮೆ ಅಳೆಯಿರಿ.